ಪೌತಿ ಖಾತೆಯೂ ಸರ್ಕಾರದ ಸಹಾಯಧನವೂ

ಜಮೀನನ್ನು ಉಳುವವರೊಬ್ಬರು, ಪಹಣಿಯಲ್ಲಿ ಹೆಸರಿರುವವರೊಬ್ಬರು ಎಂಬ ಸ್ಥಿತಿಯು ನಮ್ಮ ಗ್ರಾಮಗಳಲ್ಲಿ ಹೊಸದಲ್ಲ. ತಂದೆಯೋ ತಾತನೋ ಗತಿಸಿ ಎಷ್ಟೋ ವರ್ಷಗಳಾದಾಗ್ಯೂ ಅವರ ಹೆಸರಿನಲ್ಲಿಯೇ ಖಾತೆ ನಡೆದುಬರುತ್ತಿರುವ ಹಿಡುವಳಿಗಳು ಅನೇಕವಾಗಿವೆ. ಕಂದಾಯ ಸಲ್ಲುತ್ತಿದ್ದ ಮಟ್ಟಿಗೆ ಇದರಿಂದ ಯಾರಿಗೂ ತೊಂದರೆ ಕಾಣಲಿಲ್ಲ. ಸರ್ಕಾರದ ಹಣವು ನೇರವಾಗಿ ರೈತರ ಬ್ಯಾಂಕಿನ ಲೆಕ್ಕಕ್ಕೆ ಜಮೆಯಾಗತೊಡಗಿದ ಮೇಲೆ ಈ ಅಲಕ್ಷ್ಯದ ಬೆಲೆ ಎಷ್ಟೆಂಬುದು ತಿಳಿದುಬರುತ್ತಿದೆ.

ಭಾರತ ಸರ್ಕಾರದವರು 2019ನೆಯ ಇಸವಿ ಫೆಬ್ರವರಿ 24ರಂದು ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯನ್ನು ಆರಂಭಿಸಿದರು. ಹಿಂದಿನ ತಕಾವಿಯಂತೆ ಇದು ಬಡ್ಡಿಸಹಿತ ತೀರಿಸಬೇಕಾದ ಸಾಲವಲ್ಲ; ವರ್ಷಕ್ಕೆ 6,000 ರೂಪಾಯಿಗಳನ್ನು ತಲಾ 2,000 ರೂಪಾಯಿಗಳ ಮೂರು ಕಂತುಗಳಲ್ಲಿ ಕೊಡತಕ್ಕ ಸಹಾಯಧನ. ಮೊದಲು 2 ಹೆಕ್ಟೇರ್, ಎಂದರೆ ಸುಮಾರು 5 ಎಕರೆ ಮೀರದವರಿಗೆ ಮಾತ್ರ ಇದ್ದ ಈ ಸೌಲಭ್ಯವು ಅದೇ ವರ್ಷ ಎಲ್ಲ ಹಿಡುವಳಿದಾರ ಕುಟುಂಬಗಳಿಗೂ ವಿಸ್ತರಿಸಲ್ಪಟ್ಟಿತು. ಇಲ್ಲಿ ಕುಟುಂಬವೆಂದರೆ ಪತಿ, ಪತ್ನಿ ಮತ್ತು ಅಪ್ರಾಪ್ತವಯಸ್ಕ ಮಕ್ಕಳು. ಆದಾಯ ತೆರಿಗೆ ಕೊಡುವವರು, ಕೆಳದರ್ಜೆಯವರನ್ನುಳಿದು ಸರ್ಕಾರಿ ನೌಕರರು, ವೃತ್ತಿನಿರತ ವೈದ್ಯರು, ವಕೀಲರು ಮೊದಲಾದವರು ಅರ್ಹರಲ್ಲ. ವಾರಕ್ಕೋ ಗುತ್ತಿಗೆಗೋ ಮಾಡುವವನಿಗೂ ಇದು ದೊರೆಯದು. ಅದು ನ್ಯಾಯವೇ ಎಂಬ ಪ್ರಶ್ನೆ ಬೇರೆ; ನಿಯಮವು ಹಾಗಿದೆ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. 4 ಎಕರೆ 20 ಗುಂಟೆ ಜಮೀನಿನ ಖಾತೆದಾರರು ತೀರಿಕೊಂಡಿದ್ದಾರೆ. ಅವರ ಮೂವರು ಮಕ್ಕಳು ಬೇರೆ ಬೇರೆ ಸಂಸಾರ ಹೂಡಿ ತಲಾ 1 ಎಕರೆ 20 ಗುಂಟೆಯನ್ನು ಸಾಗುವಳಿ ಮಾಡುತ್ತಿದ್ದಾರೆ. ದಾಖಲೆಯಲ್ಲಿ ಮೂವರ ಹೆಸರೂ ಇದ್ದು ಮೂವರೂ ಅರ್ಹರಾದಲ್ಲಿ ಆ ಮನೆಗಳಿಗೆ ವರ್ಷಕ್ಕೆ 18,000 ರೂಪಾಯಿ ಬರತಕ್ಕದ್ದು. ಹೆಸರು ಬಾರದಿದ್ದರೆ ಒಂದು ಕಾಸೂ ಇಲ್ಲ.

"ಪಾಲಾಗುವ ತನಕ ಖಾತೆ ಬೇಡ" ಎಂದು ಅಣ್ಣತಮ್ಮಂದಿರು ಹೇಳುವುದುಂಟು. ಇದು ತಪ್ಪು ತಿಳಿವಳಿಕೆ. ಪಾಲುಪಾರೀಕತ್ತು ಬೇರೆ, ಪೌತಿ ಖಾತೆ ಬೇರೆ. ವಾರಸುದಾರರೆಲ್ಲರ ಹೆಸರನ್ನೂ ಜಂಟಿಯಾಗಿ ಸೇರಿಸಿ ಖಾತೆ ಮಾಡಿಸಬಹುದು. ವಿಭಾಗವನ್ನು ಅವರು ತಮಗೆ ಒಪ್ಪಿಗೆಯಾದಾಗ ಮಾಡಿಕೊಳ್ಳಲಿ. ಯೋಜನೆಯು 2019ರ ಫೆಬ್ರವರಿ 1ನೆಯ ತಾರೀಖನ್ನು ಗಡುವಾಗಿಟ್ಟು, ಅನಂತರದ ಹಕ್ಕು ಬದಲಾವಣೆಗಳನ್ನು ಪರಿಗಣಿಸುವುದಿಲ್ಲವೆಂದು ವಿಧಿಸಿದಾಗಲೂ, ಖಾತೆದಾರರ ಮರಣದಿಂದ ಬಂದ ವಾರಸು ಹಕ್ಕಿಗೆ ವಿನಾಯಿತಿ ಕೊಟ್ಟಿತೆಂಬುದನ್ನು ಗಮನಿಸಬೇಕು.

ಕರ್ನಾಟಕ ಭೂಕಂದಾಯ ಕಾಯಿದೆ, 1964ರ 128ನೆಯ ಪ್ರಕರಣದಂತೆ, ವಾರಸಿನಿಂದ ಹಕ್ಕು ಪಡೆದವರು ಅದನ್ನು 3 ತಿಂಗಳೊಳಗೆ ವರದಿ ಮಾಡತಕ್ಕದ್ದು. ಅವಧಿ ಮೀರಿತೆಂದು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷಗಳೊಡನೆ ನಾಡಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಬೇಕು. ವಂಶವೃಕ್ಷಕ್ಕೆ ಸಾಕ್ಷಿ ಹೇಳುವ ಊರಿನ ಹಿರಿಯರು ಇಲ್ಲಿ ಎಚ್ಚರದಿಂದಿರಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಡಿಸುವ ಅಭ್ಯಾಸವು ಅನ್ಯಾಯವೂ ಹೌದು, ಮುಂದಿನ ವ್ಯಾಜ್ಯಕ್ಕೆ ಬೀಜವೂ ಹೌದು. ವಿಧವೆಯ ಹೆಸರನ್ನಂತೂ ಎಂದಿಗೂ ಬಿಡಕೂಡದು.

ಪಹಣಿಯಲ್ಲಿ ಹೆಸರು ಬಂದ ಕೂಡಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿ ಮಾಡಿಸತಕ್ಕದ್ದು. ಬೆಳೆಹಾನಿಯ ಪರಿಹಾರಕ್ಕೂ ಬೆಂಬಲ ಬೆಲೆಯ ಮಾರಾಟಕ್ಕೂ ಇದೇ ನೋಂದಣಿಯು ಬೇಕಾಗುವುದು. ಬ್ಯಾಂಕಿನ ಲೆಕ್ಕಕ್ಕೆ ಆಧಾರ್ ಜೋಡಣೆಯಾಗಿರಬೇಕು, ಇ-ಕೆವೈಸಿ ಮುಗಿದಿರಬೇಕು. ಆಧಾರಿನಲ್ಲೊಂದು, ಪಹಣಿಯಲ್ಲೊಂದು ರೀತಿಯಾಗಿ ಹೆಸರಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳುವುದು ಲೇಸು.

ಮೃತರಾದ ಫಲಾನುಭವಿಯ ಲೆಕ್ಕಕ್ಕೆ ಕಂತು ಬಂದಿದ್ದರೆ ಅದನ್ನು ತೆಗೆದು ಖರ್ಚು ಮಾಡಕೂಡದು. ಅನರ್ಹರಿಗೆ ಸಂದ ಹಣವನ್ನು ಸರ್ಕಾರವು ವಸೂಲು ಮಾಡುವುದುಂಟು. ಮರಣದ ಸಂಗತಿಯನ್ನು ಕೂಡಲೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ, ವಾರಸುದಾರರು ತಮ್ಮ ಹೆಸರಿನಲ್ಲಿ ಹೊಸದಾಗಿ ಅರ್ಜಿ ಸಲ್ಲಿಸತಕ್ಕದ್ದು.