ತಿರುಪತಿ ಪಾದಯಾತ್ರೆ: ಚಿಂತಾಮಣಿಯಲ್ಲಿ ಅರ್ಧ ದಿನ ನಿಲ್ಲಿ

ವೈಕುಂಠ ಏಕಾದಶಿ ಹತ್ತಿರವಾದಂತೆ ಚಿಂತಾಮಣಿಯ ರಸ್ತೆಗಳಲ್ಲಿ ಗೋವಿಂದ ನಾಮ ಕೇಳಿಸತೊಡಗುತ್ತದೆ. ಬೆಂಗಳೂರು, ಹೊಸಕೋಟೆ ಕಡೆಯಿಂದ ಕೈವಾರ ಕ್ರಾಸ್ ದಾಟಿ ಬರುವವರೂ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಕಡೆಯಿಂದ ಬರುವವರೂ ಇಲ್ಲಿ ಕೂಡುತ್ತಾರೆ. ಮುಂದೆ ಮದನಪಲ್ಲಿ, ಪೀಲೇರು, ಭಾಕರಾಪೇಟೆ, ಆಮೇಲೆ ಏಳುಮಲೆಯ ಬುಡ. ಬೆಂಗಳೂರಿನಿಂದ ಚಿಂತಾಮಣಿಗೆ ಸುಮಾರು 75 ಕಿ.ಮೀ. ಇಲ್ಲಿಂದ ಮದನಪಲ್ಲಿಗೆ 50 ಕಿ.ಮೀ.ಗೂ ಹೆಚ್ಚು. ನಡುವೆ ಹಳ್ಳಿಗಳಿವೆ, ಟೀ ಅಂಗಡಿಗಳಿವೆ. ಆದರೆ ಇಷ್ಟು ದೊಡ್ಡ ಪೇಟೆ, ಆಸ್ಪತ್ರೆ, ಔಷಧಿ ಅಂಗಡಿಗಳ ಸಾಲು ಆ ನೇರ ದಾರಿಯಲ್ಲಿ ಮತ್ತೆ ಸಿಗುವುದು ಮದನಪಲ್ಲಿಯಲ್ಲೇ.

ಹೀಗಿದ್ದರೂ ಬಹುತೇಕ ತಂಡಗಳು ಇಲ್ಲಿ ಊಟ ಮಾಡಿ, ಯಾವುದಾದರೂ ಛತ್ರದಲ್ಲೋ ದೇವಸ್ಥಾನದ ಜಗಲಿಯಲ್ಲೋ ಮಲಗಿ, ಬೆಳಗಿನ ಜಾವ ಎದ್ದು ಹೊರಟುಬಿಡುತ್ತವೆ. ತೊಂದರೆ ಕಾಣಿಸಿಕೊಳ್ಳುವುದು ಮರುದಿನ ಮಧ್ಯಾಹ್ನ, ಆಂಧ್ರ ಗಡಿಯ ಆಸುಪಾಸಿನಲ್ಲಿ. ಅರ್ಧ ದಿನ ಇಲ್ಲಿ ನಿಂತು ಈ ಕೆಲಸಗಳನ್ನು ವರಸೆಯಾಗಿ ಮುಗಿಸಿಕೊಂಡರೆ ಆ ತೊಂದರೆಯಲ್ಲಿ ಹೆಚ್ಚಿನದು ಬರುವುದೇ ಇಲ್ಲ.

1. ಬೆಳಿಗ್ಗೆಯೇ ಊರು ಮುಟ್ಟಿ

ಹಿಂದಿನ ರಾತ್ರಿ ಕೈವಾರದ ಸುತ್ತಮುತ್ತ ತಂಗಿದರೆ ಬೆಳಿಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ ಚಿಂತಾಮಣಿ ತಲುಪಬಹುದು. ಆಗ ಅಂಗಡಿ ತೆರೆದಿರುತ್ತವೆ, ವೈದ್ಯರು ಸಿಗುತ್ತಾರೆ, ತೊಳೆದ ಬಟ್ಟೆ ಸಂಜೆಯೊಳಗೆ ಒಣಗುತ್ತದೆ. ರಾತ್ರಿ ಒಂಬತ್ತಕ್ಕೆ ಬಂದವರಿಗೆ ಇದ್ಯಾವುದೂ ಇಲ್ಲ. ನಾಳೆ ತೆಗೆದುಕೊಂಡರಾಯಿತು ಎಂದುಕೊಂಡು ಮಲಗಿದರೆ, ಬೆಳಗಿನ ನಾಲ್ಕಕ್ಕೆ ಹೊರಡುವಾಗ ಯಾವ ಅಂಗಡಿಯೂ ತೆರೆದಿರುವುದಿಲ್ಲ.

2. ಊಟಕ್ಕಿಂತ ಮೊದಲು ಪಾದ

ಬಂದ ಕೂಡಲೇ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಗಿಸಿ, ಬೆಳಕಿನಲ್ಲಿ ನೋಡಿಕೊಳ್ಳಿ. ಕೆಂಪಾಗಿ ಉರಿಯುತ್ತಿದ್ದರೆ ಅದು ನಾಳೆಯ ಬೊಬ್ಬೆ. ಈಗಲೇ ಅಲ್ಲಿಗೆ ಅಂಟುಪಟ್ಟಿ ಸುತ್ತಿ. ಬೊಬ್ಬೆ ಎದ್ದೇ ಬಿಟ್ಟಿದ್ದರೆ, ಸಣ್ಣದಾದರೆ ಒಡೆಯಬೇಡಿ. ನಡೆಯಲಾಗದಷ್ಟು ದೊಡ್ಡದಾಗಿದ್ದರೆ ಆಸ್ಪತ್ರೆಯಲ್ಲಿ ನೀರು ತೆಗೆಸಿ, ಮೇಲಿನ ಚರ್ಮ ಕೀಳಿಸದೆ ಪಟ್ಟಿ ಹಾಕಿಸಿ. ಆ ಚರ್ಮವೇ ಒಳಗಿನ ಗಾಯಕ್ಕೆ ರಕ್ಷೆ. ಸಕ್ಕರೆ ಕಾಯಿಲೆ ಇರುವವರು ಹರಕೆಯ ಹೆಸರಿನಲ್ಲಿ ಬರಿಗಾಲಲ್ಲಿ ಮುಂದುವರಿಯಬಾರದು. ಅವರಿಗೆ ಗಾಯವಾದದ್ದೇ ತಿಳಿಯದಿರಬಹುದು.

ಚಪ್ಪಲಿ ಕಚ್ಚಿತೆಂದು ಇಲ್ಲಿ ಹೊಸ ಚಪ್ಪಲಿಯನ್ನೋ ಶೂವನ್ನೋ ಕೊಳ್ಳುವವರಿದ್ದಾರೆ. ಕಾಲಿಗೆ ಒಗ್ಗದ ಪಾದರಕ್ಷೆಯಲ್ಲಿ 50 ಕಿ.ಮೀ. ನಡೆಯಲಾಗದು. ಹಳೆಯದನ್ನೇ ಹೊಲಿಸಿಕೊಳ್ಳಿ. ಕೊಳ್ಳುವುದಾದರೆ ಎರಡು ಜೊತೆ ಕಾಲುಚೀಲ ಕೊಳ್ಳಿ.

3. ಒಆರ್‌ಎಸ್: ಒಂದು ಪೊಟ್ಟಣ, ಒಂದು ಲೀಟರ್

ಎಷ್ಟು ಹೇಳಿದರೂ ಜನ ತಪ್ಪುವುದು ಇಲ್ಲೇ. ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ದಿನವಿಡೀ ಬೆವರು ಸುರಿಸಿ ನಡೆದವರ ದೇಹದಿಂದ ನೀರಿನ ಜೊತೆ ಉಪ್ಪೂ ಹೋಗುತ್ತದೆ. ದಾರಿಯ ಊಟ, ನೀರು ಒಗ್ಗದೆ ಭೇದಿಯೂ ಹಿಡಿದರೆ ಅದು ದುಪ್ಪಟ್ಟು. ಬರೀ ನೀರನ್ನು ಹೊಟ್ಟೆ ತುಂಬ ಕುಡಿದರೆ ನೀರು ಸೇರುತ್ತದೆ, ಉಪ್ಪು ಸೇರುವುದಿಲ್ಲ. ಒಆರ್‌ಎಸ್ ಇರುವುದು ಇದಕ್ಕಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್, ಒಟ್ಟು 20.5 ಗ್ರಾಂ. ಗ್ಲೂಕೋಸ್ ಇರುವುದು ರುಚಿಗಲ್ಲ. ಕರುಳು ಉಪ್ಪನ್ನೂ ನೀರನ್ನೂ ಒಳಗೆ ಎಳೆದುಕೊಳ್ಳಲು ಅದು ಬೇಕು, ಅದೂ ಅಳತೆಯಲ್ಲೇ ಬೇಕು.

ಮೊದಲ ತಪ್ಪು, ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯುವುದು. ಗಟ್ಟಿಯಿದ್ದಷ್ಟೂ ಶಕ್ತಿ ಎಂಬ ನಂಬಿಕೆ ಇದಕ್ಕೆ ಕಾರಣ. ಅತಿ ಗಟ್ಟಿಯಾದ ದ್ರಾವಣ ದೇಹಕ್ಕೆ ನೀರು ಕೊಡುವ ಬದಲು ದೇಹದಲ್ಲಿರುವ ನೀರನ್ನೇ ಕರುಳಿಗೆ ಎಳೆಯುತ್ತದೆ. ವಾಂತಿ, ಭೇದಿ ಹೆಚ್ಚುತ್ತದೆ. ಮಕ್ಕಳಿಗಂತೂ ಇದು ಅಪಾಯ.

ಎರಡನೆಯದು, ಒಂದು ಲೋಟ ನೀರಿಗೆ ಎರಡು ಚಿಟಿಕೆ ಪುಡಿ ಹಾಕಿ ಉಳಿದದ್ದನ್ನು ಮಡಚಿ ಜೇಬಿಗಿಡುವುದು. ಅಳತೆ ತಪ್ಪುತ್ತದೆ, ಪುಡಿ ತೇವ ಎಳೆದು ಗಂಟಾಗುತ್ತದೆ. ಒಂದು ಲೋಟ ಸಾಕೆಂದರೆ 200 ಮಿ.ಲೀ.ಗೆಂದೇ ಇರುವ ಸಣ್ಣ ಪೊಟ್ಟಣ ಕೇಳಿ ತೆಗೆದುಕೊಳ್ಳಿ.

ಮೂರನೆಯದು, ಡಬ್ಬಿಯಲ್ಲಿ ಬರುವ ಸಿಹಿ ಪಾನೀಯವನ್ನೇ ಒಆರ್‌ಎಸ್ ಎಂದು ಕುಡಿಯುವುದು. ವರ್ಷಗಟ್ಟಲೆ ಇಂಥ ಪಾನೀಯಗಳು ಆ ಹೆಸರು ಹೊತ್ತು ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅದರ ವಿರುದ್ಧ ಹಲವು ವರ್ಷ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪಾನೀಯಗಳ ಲೇಬಲ್ ಮೇಲೆ ‘ಒಆರ್‌ಎಸ್’ ಎಂದು ಬರೆಯಬಾರದೆಂದು ಆದೇಶಿಸಿತು. ಔಷಧಿ ಅಂಗಡಿಯಲ್ಲಿ ಪೊಟ್ಟಣ ಕೈಗೆ ಬಂದಾಗ ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ, ಎಷ್ಟು ನೀರಿಗೆ ಎಂದಿದೆ, ಅವಧಿ ಮುಗಿದಿಲ್ಲವೇ ಎಂದು ಈ ಮೂರನ್ನು ಓದಿ.

ಅಳತೆ ತಪ್ಪದಿರಲು ಸುಲಭ ದಾರಿ ಚಿಂತಾಮಣಿಯ ಪಾತ್ರೆ ಅಂಗಡಿಯಲ್ಲಿದೆ. ಒಂದು ಲೀಟರಿನ ಸ್ಟೀಲ್ ಬಾಟಲಿ ಕೊಳ್ಳಿ. ಅಂಗಡಿಯವರ ಮಾತಿನ ಮೇಲೆ ಬಿಡದೆ, ಸೀಲ್ ಇರುವ ಲೀಟರ್ ನೀರಿನ ಬಾಟಲಿಯನ್ನು ಅದಕ್ಕೆ ಸುರಿದು ನೋಡಿ. ಕೆಲವು ಬಾಟಲಿಗಳು ಕತ್ತಿನವರೆಗೆ ತುಂಬಿದರೂ ಲೀಟರ್ ಹಿಡಿಯುವುದಿಲ್ಲ. ತಿರುಮಲದಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧವಿರುವುದರಿಂದ ಈ ಸ್ಟೀಲ್ ಬಾಟಲಿ ಬೆಟ್ಟದ ಮೇಲೂ ನಡೆಯುತ್ತದೆ. ಕಲಸಿದ ಒಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕುಡಿಯಿರಿ. 24 ಗಂಟೆ ಕಳೆದರೆ ಚೆಲ್ಲಿಬಿಡಿ.

ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹೊಟ್ಟೆ ಸರಿಯಿರುವವರಿಗೆ ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿಯೇ ಸಾಕು. ಪ್ರತಿ ಬಾಯಾರಿಕೆಗೂ ಒಆರ್‌ಎಸ್ ಬೇಕಿಲ್ಲ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಜೊತೆಯವರು ತೊದಲತೊಡಗಿದರೆ, ತಲೆ ಸುತ್ತಿ ಬಿದ್ದರೆ, ಗಂಟೆಗಟ್ಟಲೆ ಮೂತ್ರ ಬರದಿದ್ದರೆ ಮನೆಮದ್ದಿನ ಹೊತ್ತು ಮೀರಿದೆ ಎಂದರ್ಥ. 108ಕ್ಕೆ ಕರೆ ಮಾಡಿ. ಗಡಿ ದಾಟಿದರೂ ಆಂಬುಲೆನ್ಸಿಗೆ ಅದೇ ಸಂಖ್ಯೆ.

4. ಚೀಲಕ್ಕೆ ಒಂದೂವರೆ ದಿನದ್ದಷ್ಟೇ

ಪೇಟೆ ಕಂಡ ಕೂಡಲೇ ಬಿಸ್ಕತ್ತು, ಚಿಪ್ಸ್, ಜ್ಯೂಸ್ ತುಂಬಿಕೊಂಡು ಎರಡು ಕಿಲೋ ಹೆಚ್ಚಿಸಿಕೊಳ್ಳಬೇಡಿ. ಆ ಭಾರವನ್ನು ಹೊರುವುದು ನೀವೀಗ ಪಟ್ಟಿ ಹಾಕಿದ ಪಾದವೇ. ದಿನಸಿ ಅಂಗಡಿಯಲ್ಲಿ ರಾಗಿ ಹುರಿಹಿಟ್ಟು, ಪುಡಿ ಮಾಡಿದ ಬೆಲ್ಲ, ಹುರಿದ ಕಡಲೆಬೀಜ, ಹುರಿಗಡಲೆ ತೆಗೆದುಕೊಳ್ಳಿ. ಹುರಿಹಿಟ್ಟಿಗೆ ಒಲೆ ಬೇಡ. ಅಂಗೈಯಲ್ಲಿ ಹಿಟ್ಟು, ಬೆಲ್ಲ ಹಾಕಿ, ಉಂಡೆ ಕಟ್ಟುವಷ್ಟು ನೀರು ಚಿಮುಕಿಸಿದರೆ ಊಟವಾಯಿತು. ನಮ್ಮ ಹಿರಿಯರು ದೂರದ ಜಾತ್ರೆಗಳಿಗೆ ಕಟ್ಟಿಕೊಂಡು ಹೋಗುತ್ತಿದ್ದದ್ದೂ ಇದನ್ನೇ. ಬಣ್ಣದ ಹಾಳೆಯ ಯಾವ ತಿಂಡಿಗಿಂತಲೂ ಇದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾಳೆಹಣ್ಣು ಆ ದಿನಕ್ಕೆ ಮಾತ್ರ.

ಏಕಾದಶಿಯ ಸಮಯದಲ್ಲಿ ದಾರಿಯುದ್ದಕ್ಕೂ ಭಕ್ತರು ಅನ್ನದಾನ ಮಾಡುತ್ತಾರೆ. ಬೇರೆ ತಿಂಗಳಲ್ಲಿ ಹೊರಟವರು ಅದನ್ನು ನಂಬಿಕೊಂಡು ನಡೆಯಬಾರದು.

5. ನೀರು

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ. ಒಂದೆರಡು ದಿನದ ನೀರಿನಿಂದ ಮೂಳೆಗೆ ತೊಂದರೆಯಾಗದು ನಿಜ. ಆದರೂ ಶುದ್ಧ ಕುಡಿಯುವ ನೀರಿನ ಘಟಕ ಇರುವಾಗ ಅಲ್ಲೇ ತುಂಬಿಕೊಳ್ಳಿ, ಅದಕ್ಕೆ ಹಾಕಲು ಜೇಬಿನಲ್ಲಿ ನಾಣ್ಯ ಇಟ್ಟುಕೊಳ್ಳಿ. ಕೆರೆಯ ನೀರನ್ನಂತೂ ಕುಡಿಯಬೇಡಿ, ಬೊಬ್ಬೆಯೊಡೆದ ಕಾಲನ್ನೂ ಅದರಲ್ಲಿ ಇಳಿಬಿಡಬೇಡಿ. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನ ತ್ಯಾಜ್ಯನೀರನ್ನು ಎರಡು ಹಂತ ಶುದ್ಧೀಕರಿಸಿ ಈ ಎರಡು ಜಿಲ್ಲೆಗಳ ಅನೇಕ ಕೆರೆಗಳಿಗೆ ಹರಿಸಲಾಗಿದೆ. ಅದು ಅಂತರ್ಜಲ ಏರಿಸಲೆಂದು, ಕುಡಿಯಲೆಂದಲ್ಲ.

6. ರಸ್ತೆ

ಮದನಪಲ್ಲಿ ದೊಡ್ಡ ಟೊಮೆಟೊ ಮಾರುಕಟ್ಟೆಯ ಊರು, ಚಿಂತಾಮಣಿಯ ಮಾರುಕಟ್ಟೆಯೂ ಕಡಿಮೆಯದಲ್ಲ. ರಾತ್ರಿ, ನಸುಕಿನಲ್ಲಿ ಈ ರಸ್ತೆಯಲ್ಲಿ ಟೊಮೆಟೊ ಲಾರಿಗಳು ಗಡಿಬಿಡಿಯಲ್ಲಿ ಓಡುತ್ತವೆ. ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಬೆಳಕಿಗೆ ಹೊಳೆಯುವ ಪಟ್ಟಿಯನ್ನು ಇಲ್ಲೇ ಕೊಂಡು ಮೊದಲಿನವರ, ಕೊನೆಯವರ ಚೀಲಕ್ಕೆ ಅಂಟಿಸಿ. ಕಿವಿಗೆ ಇಯರ್‌ಫೋನ್ ಬೇಡ.

7. ಉಳಿದದ್ದು ಚುಟುಕಾಗಿ

ಆಧಾರ್ ಕಾರ್ಡಿನ ಮೂಲಪ್ರತಿ ಜೊತೆಗಿರಲಿ, ಸ್ವಲ್ಪ ನಗದೂ ಇರಲಿ. ಬೆಟ್ಟ ಹತ್ತುವ ಎರಡು ಕಾಲುದಾರಿಗಳಲ್ಲಿ, ಪೀಲೇರು ಕಡೆಯಿಂದ ಹೋಗುವವರಿಗೆ ಶ್ರೀನಿವಾಸ ಮಂಗಾಪುರದ ಬಳಿಯ ಶ್ರೀವಾರಿ ಮೆಟ್ಟು ಹತ್ತಿರ: 2,388 ಮೆಟ್ಟಿಲು, ರಾತ್ರಿ ಮುಚ್ಚಿರುತ್ತದೆ. ಇನ್ನೊಂದು ದಾರಿಯಾದ ಅಲಿಪಿರಿಯಲ್ಲಿ 3,550 ಮೆಟ್ಟಿಲು. 2023ರ ಆಗಸ್ಟ್‌ನಲ್ಲಿ ಅಲಿಪಿರಿ ದಾರಿಯಲ್ಲಿ ಚಿರತೆ ದಾಳಿಗೆ ಮಗುವೊಂದು ಬಲಿಯಾದ ಮೇಲೆ ಮಕ್ಕಳಿಗೆ ಸಮಯದ ನಿರ್ಬಂಧ ಬಂತು. ದರ್ಶನದ ಟೋಕನ್, ಸಮಯದ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ತಿರುಮಲ ತಿರುಪತಿ ದೇವಸ್ಥಾನದ (ಟಿಟಿಡಿ) ಪ್ರಕಟಣೆ ನೋಡಿ.

ತಂಡ ಕರೆದೊಯ್ಯುವ ಹಿರಿಯರಲ್ಲಿ ಒಂದು ವಿನಂತಿ. ಚಿಂತಾಮಣಿಯಲ್ಲಿ ಸಂಜೆ ಎಲ್ಲರನ್ನೂ ಕೂರಿಸಿ ಒಬ್ಬೊಬ್ಬರ ಪಾದ ನೋಡಿ, ನಾಳೆ ನಡೆಯಲು ಆಗುತ್ತದೆಯೇ ಎಂದು ಕೇಳಿ. ಆಗದವರನ್ನು ನಾಚಿಕೆಪಡಿಸದೆ ಇಲ್ಲೇ ಬಸ್ ಹತ್ತಿಸಿ. ಮುಂದಿನ ವರ್ಷವೂ ಸ್ವಾಮಿ ಅಲ್ಲೇ ಇರುತ್ತಾನೆ, ಹರಕೆ ಆಗ ತೀರಿಸಬಹುದು.