ಹಳೆಯ ಪುಸ್ತಕದ ಮುಗ್ಗು ವಾಸನೆಯನ್ನು ಹೋಗಲಾಡಿಸುವ ಬಗೆ



ಮಕ್ಕಳು ಕಾಲೇಜು ಸೇರಿದಾಗ ಹೊಸ ಪುಸ್ತಕಗಳ ಬೆಲೆ ಕೇಳಿ, ಒಬ್ಬರು ಓದಿ ಬಿಟ್ಟ ಪುಸ್ತಕವನ್ನೇ ಕೊಳ್ಳುವುದುಂಟು. ಇದು ಜಾಣತನವೇ ಸರಿ. ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಇಂಥ ಪುಸ್ತಕಗಳು ಹಳ್ಳಿಯ ತನಕ ಬರುತ್ತವೆ. ದಾನಿಗಳು ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಡುವವೂ ಹೆಚ್ಚಾಗಿ ಹಳೆಯವೇ. ಆದರೆ ತೆರೆದೊಡನೆ ಮುಗ್ಗು ವಾಸನೆ ಮೂಗಿಗೆ ಬಡಿದರೆ ಮಕ್ಕಳು ಅದನ್ನು ಮುಟ್ಟುವುದಿಲ್ಲ. ಕೊಟ್ಟ ಹಣ ದಂಡ. ಉಬ್ಬಸವಿರುವ ಮಗುವಾದರೆ ಕೆಮ್ಮು, ಸೀನು ಬೇರೆ.

ಈ ವಾಸನೆಯ ಮೂಲ ನಿಮಗೆ ತಿಳಿಯದ್ದೇನಲ್ಲ. ಚೆನ್ನಾಗಿ ಒಣಗದ ಜೋಳವನ್ನು ಚೀಲಕ್ಕೆ ತುಂಬಿದರೆ ಏನಾಗುವುದೋ ಪುಸ್ತಕಕ್ಕೂ ಅದೇ ಆಗುತ್ತದೆ. ಕಾಗದವು ಗಿಡಮರಗಳ ನಾರಿನಿಂದಾದದ್ದು. ಗಾಳಿಯ ತೇವವನ್ನು ಹೀರುತ್ತದೆ. ಗಾಳಿಯ ತೇವಾಂಶ ಶೇಕಡಾ ೬೫-೭೦ನ್ನು ಮೀರಿ ಬಹಳ ದಿನ ನಿಂತರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಿಡುವ ಆವಿಯೇ ಆ ವಾಸನೆ. ಹೀಗಿರುವಾಗ ಅತ್ತರು ಸವರುವುದು, ಸಾಂಬ್ರಾಣಿ ಹೊಗೆ ಹಾಕುವುದು ವಾಸನೆಯನ್ನು ಮುಚ್ಚಿಡುವ ಕೆಲಸ. ಮೊದಲು ತೇವ ಹೋಗಬೇಕು.

ತಂದ ಪುಸ್ತಕವನ್ನು ಮನೆಯ ಇತರ ಪುಸ್ತಕಗಳ ಜೊತೆ ಸೇರಿಸಬೇಡಿ. ಗಾಳಿಯಾಡುವ ಜಗಲಿಯಲ್ಲಿ, ನೆರಳಿನಲ್ಲಿ, ಹಾಳೆಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುವಂತೆ ನಿಲ್ಲಿಸಿ ಎರಡು ಮೂರು ದಿನ ಒಣಗಿಸಿ. ಎಳೆಬಿಸಿಲಿನಲ್ಲಿ ಒಂದು ಗಂಟೆ ಇಟ್ಟರೆ ದೋಷವಿಲ್ಲ. ದಿನವಿಡೀ ಸುಡುಬಿಸಿಲಿಗೆ ಹರವಿದರೆ ಹಾಳೆ ಹಳದಿಯಾಗುತ್ತದೆ, ರಟ್ಟು ಸೊಟ್ಟಗಾಗುತ್ತದೆ. ಮಳೆಗಾಲವಾದರೆ ಈ ಕೆಲಸವನ್ನು ಹೊಳವಾಗುವ ತನಕ ತಡೆಯುವುದೇ ಲೇಸು.

ಪೂರ್ತಿ ಒಣಗಿದ ಮೇಲೆ ಬೂಷ್ಟಿನ ಪುಡಿಯನ್ನು ತೆಗೆಯಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಮನೆಯ ಹೊರಗೆ, ಗಾಳಿಗೆ ಬೆನ್ನು ಕೊಟ್ಟು ಕುಳಿತು ಮೆತ್ತನೆಯ ಒಣ ಬ್ರಷ್ಷಿನಿಂದ ಹಗುರವಾಗಿ ಗುಡಿಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟು ನಾರಿನೊಳಕ್ಕೆ ಇಳಿಯುತ್ತದೆ. ಉಬ್ಬಸವಿರುವವರು ಈ ಕೆಲಸಕ್ಕೆ ಕೈಹಾಕಕೂಡದು.

ಉಳಿದ ವಾಸನೆಗೆ ಇದ್ದಲು ಒಳ್ಳೆಯ ಮದ್ದು. ಅದರೊಳಗೆ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳಿವೆ. ವಾಸನೆಯ ಆವಿ ಅಲ್ಲಿ ಹಿಡಿದುಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿರುವ ತಗಡಿನ ಡಬ್ಬ ಅಥವಾ ಟ್ರಂಕಿನ ತಳದಲ್ಲಿ ಬೋಗುಣಿ ತುಂಬ ಒಣಗಿದ ಇದ್ದಲಿಡಿ. ಅಕ್ಕಪಕ್ಕ ಎರಡು ಇಟ್ಟಿಗೆ ನಿಲ್ಲಿಸಿ, ಮೇಲೆ ಬಿದಿರಿನ ದಬ್ಬೆಗಳನ್ನು ಹಾಸಿ, ಪುಸ್ತಕವನ್ನು ಹಾಳೆ ಬಿಚ್ಚಿ ನಿಲ್ಲಿಸಿ. ಇದ್ದಲು ತಗಲಿ ಮಸಿಯಾಗದಿರಲಿ. ಮುಚ್ಚಿ ಏಳೆಂಟು ದಿನ ಬಿಟ್ಟು ನೋಡಿ. ವಾಸನೆ ಉಳಿದಿದ್ದರೆ ಇದ್ದಲನ್ನು ಬದಲಾಯಿಸಿ ಮತ್ತೊಂದು ವಾರ ಇಡಿ. ಒಲೆಯಿಂದ ತೆಗೆದ ಇದ್ದಲಾದರೆ ಪೂರ್ತಿ ಆರಿ ಒಂದು ದಿನ ಕಳೆದಿರಬೇಕು. ಒಳಗೆ ಕೆಂಡ ಉಳಿದಿದ್ದರೆ ಪುಸ್ತಕದ ಜೊತೆ ಟ್ರಂಕೂ ಹೋದೀತು! ಇದ್ದಲು ಸಿಗದಿದ್ದರೆ ತಟ್ಟೆಯಲ್ಲಿ ಅಡಿಗೆ ಸೋಡ ಹರಡಿ ಇಡಬಹುದು. ಬೀಡಿ ಹೊಗೆ, ಅಡಿಗೆಮನೆ ಹೊಗೆಯ ವಾಸನೆಗೂ ಇದೇ ಉಪಾಯ. ದಿನ ಮಾತ್ರ ಹೆಚ್ಚು ಹಿಡಿಯುತ್ತದೆ.

ನುಸಿಗುಳಿಗೆ ಹಾಕುವ ರೂಢಿ ಬಹಳ ಮನೆಗಳಲ್ಲಿದೆ. ಅದು ಮುಗ್ಗು ವಾಸನೆಯನ್ನು ತೆಗೆಯದು, ತನ್ನದೊಂದನ್ನು ಸೇರಿಸುತ್ತದೆ. ಎಳೆಯ ಮಕ್ಕಳು ಬಾಯಿಗೆ ಹಾಕಿಕೊಂಡರೆ ರಕ್ತಕ್ಕೇ ಅಪಾಯ. ಬೇವಿನೆಲೆ, ಬಜೆ ಇಡುವುದು ಹಿಂದಿನಿಂದ ಬಂದ ಪದ್ಧತಿ. ಅದು ಹುಳುವಿಗೆ, ವಾಸನೆಗಲ್ಲ. ಹಸಿ ಎಲೆಯನ್ನಂತೂ ಇಡಲೇಬೇಡಿ, ಅದರ ತೇವವೇ ಬೂಷ್ಟಿಗೆ ದಾರಿ.

ಹಳೆಯ ಕಾಗದಕ್ಕೆ ಸಹಜವಾದ ಒಂದು ಸಿಹಿ ಕಂಪೂ ಇರುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಕಾಗದ ಸವೆಯುತ್ತ ಬಿಡುವ ಈ ಆವಿಗಳನ್ನು ಅಳೆದು ಅದರ ಸ್ಥಿತಿಯನ್ನು ತಿಳಿಯುವ ಬಗೆಯನ್ನು ಲಂಡನ್ನಿನ ವಿಜ್ಞಾನಿಗಳು ೨೦೦೯ರಲ್ಲಿ ಪ್ರಕಟಿಸಿದರು.

ವಾಸನೆ ಹೋದ ಪುಸ್ತಕವನ್ನು ಗೋಡೆಗೆ ಒತ್ತಿ ಇಡಬೇಡಿ. ನಾಲ್ಕು ಬೆರಳು ಸಂದು ಬಿಡಿ, ನೆಲದಿಂದ ಒಂದು ಗೇಣಾದರೂ ಎತ್ತರದಲ್ಲಿರಲಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆರೆದು ಗಾಳಿಗೆ ಹಿಡಿಯಿರಿ.

ಎರಡು ಬಗೆಯ ಪುಸ್ತಕಗಳನ್ನು ಮಾತ್ರ ಉಳಿಸಲು ಹೋಗಬೇಡಿ. ಒಂದು, ಇಲಿಯ ಮೂತ್ರದಿಂದ ನೆನೆದದ್ದು. ಇಲಿಜ್ವರ ಹರಡುವುದು ಆ ಮೂತ್ರದಿಂದಲೇ. ಇನ್ನೊಂದು, ಕೀಟನಾಶಕದ ಡಬ್ಬಿಯ ಪಕ್ಕದಲ್ಲಿದ್ದು ಔಷಧಿ ಚೆಲ್ಲಿಸಿಕೊಂಡದ್ದು. ವಾಸನೆ ಅಡಗಿದರೂ ವಿಷ ಹಾಳೆಯಲ್ಲೇ ಉಳಿಯುತ್ತದೆ, ಓದುವ ಮಗು ಬೆರಳನ್ನು ನಾಲಿಗೆಗೆ ತಾಗಿಸಿಯೇ ಹಾಳೆ ತಿರುಗಿಸುತ್ತದೆ. ಇಂಥವನ್ನು ಒಲೆಗೂ ಹಾಕದೆ, ಅಂಗಡಿಯ ಪೊಟ್ಟಣಕ್ಕೂ ಕೊಡದೆ, ಬೇರೆಯಾಗಿ ಕಟ್ಟಿ ಪಂಚಾಯಿತಿಯ ಕಸದ ಗಾಡಿಯವರಿಗೆ ವಿಷಯ ತಿಳಿಸಿ ಒಪ್ಪಿಸಿರಿ.