ನೆಲಜೀರುಂಡೆ: ಅವಳಿಗಳಂಥ ಪ್ರಭೇದಗಳ ಗುರುತು

ನೆಲಜೀರುಂಡೆಗಳು ಕೋಲಿಯಾಪ್ಟೆರಾ ಗಣದ ಕ್ಯಾರಾಬಿಡೇ ಕುಟುಂಬಕ್ಕೆ ಸೇರಿವೆ. ಪಾದಖಂಡಗಳ ಸೂತ್ರ (ಮುಂಗಾಲು, ನಡುಗಾಲು, ಹಿಂಗಾಲಿನ ಪಾದಖಂಡಗಳ ಸಂಖ್ಯೆ) 5-5-5. ಮೇಲ್ನೋಟಕ್ಕೆ ಇವನ್ನು ಹೋಲುವ ಟೆನೆಬ್ರಿಯೋನಿಡೇ ಕುಟುಂಬದಲ್ಲಿ ಅದು 5-5-4. ಪರೀಕ್ಷೆಯಲ್ಲಿ ಪ್ರಶ್ನೆ ಕೇಳಲು ಹೇಳಿ ಮಾಡಿಸಿದ ವ್ಯತ್ಯಾಸ.

ಪ್ರಭೇದದ ಮಟ್ಟಕ್ಕೆ ಇಳಿದರೆ ಬಣ್ಣ ಕೈಕೊಡುತ್ತದೆ. ಯುರೋಪಿನ ಪೊಯಿಸಿಲಸ್ ಕುಪ್ರಿಯಸ್, ಪೊಯಿಸಿಲಸ್ ವರ್ಸಿಕಲರ್ ಎರಡೂ ಹಸಿರಾಗಿರಬಹುದು, ತಾಮ್ರವರ್ಣದವೂ ಆಗಿರಬಹುದು. ಹಾಗಾಗಿ ತಲೆಯ ಮೇಲ್ಮೈ ನೋಡಬೇಕು: ಕುಪ್ರಿಯಸ್‌ನಲ್ಲಿ ಸೂಜಿಯಿಂದ ಚುಚ್ಚಿದಂಥ ಕುಳಿಗಳು ದಟ್ಟವಾಗಿರುತ್ತವೆ, ವರ್ಸಿಕಲರ್‌ನಲ್ಲಿ ತಲೆ ಬಹುತೇಕ ನುಣುಪು. ನೆಬ್ರಿಯಾ ಬ್ರೆವಿಕೋಲಿಸ್ ಮತ್ತು ನೆಬ್ರಿಯಾ ಸಲೈನಾ ಜೋಡಿ ಇನ್ನೂ ತೊಡಕಿನದು. ಹಿಂಗಾಲಿನ ಪಾದಖಂಡಗಳ ಮೇಲ್ಭಾಗದಲ್ಲಿ ಸಣ್ಣ ರೋಮಗಳಿದ್ದರೆ ಬ್ರೆವಿಕೋಲಿಸ್, ಇಲ್ಲದಿದ್ದರೆ ಸಲೈನಾ. ಬರಿಗಣ್ಣಿಗೆ ಇದು ಸಿಗುವುದಿಲ್ಲ, ಮಸೂರ ಬೇಕೇ ಬೇಕು.

ಅನುಮಾನ ಉಳಿದರೆ ತಜ್ಞರು ಗಂಡಿನ ಜನನಾಂಗದ ಆಕಾರವನ್ನು ಪರೀಕ್ಷಿಸುತ್ತಾರೆ. ಅದಕ್ಕೆ ಮೊದಲು ಗಂಡನ್ನು ಗುರುತಿಸಬೇಕು: ಅನೇಕ ಪ್ರಭೇದಗಳಲ್ಲಿ ಗಂಡಿನ ಮುಂಗಾಲ ಪಾದಖಂಡಗಳು ಅಗಲವಾಗಿರುತ್ತವೆ. ಇದು ಲಿಂಗದ ಗುರುತು, ಪ್ರಭೇದದ್ದೆಂದು ಬರೆದರೆ ಅಂಕ ಹೋಗುತ್ತದೆ.

ಭಾರತದ ಆಂಥಿಯಾ ಸೆಕ್ಸ್‌ಗಟ್ಟಾಟಾ ಮಾತ್ರ ಸುಲಭ: ಕಪ್ಪು ಮೈ, ಆರು ಬಿಳಿ ಚುಕ್ಕೆ. ಎದೆಗವಚದ ಮೇಲೆ 2, ಮುಂದಿನ ರೆಕ್ಕೆಗಳ ಮೇಲೆ 4.